ಎಂಡೊಮೆಟ್ರಿಯೋಸಿಸ್ ಟ್ರಯಲ್‌ಗೆ ಕರೆದಿದ್ದಾರೆ, ಪ್ಲಾಸಿಬೊ ಸಿಕ್ಕರೆ ಆರು ತಿಂಗಳು ಸುಮ್ಮನೆ ನೋವು ತಿನ್ನಬೇಕಾ?

ಬೆಳ್ಳಕ್ಕಿ:

ನಮಸ್ಕಾರ. ನನಗೆ 31 ವರ್ಷ. ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಗರ್ಭಕೋಶದ ಹೊರಗೂ ಬೆಳೆಯೋ ಕಾಯಿಲೆ) ಇರೋದು ಲ್ಯಾಪರೊಸ್ಕೋಪಿಯಲ್ಲಿ, ಅಂದರೆ ಹೊಟ್ಟೆಯೊಳಗೆ ಕ್ಯಾಮೆರಾ ಹಾಕಿ ನೋಡಿದಾಗ ಗೊತ್ತಾಯ್ತು, ಎಡಗಡೆ ಅಂಡಾಶಯದ ಚಾಕಲೇಟ್ ಸಿಸ್ಟ್ (ಹಳೇ ರಕ್ತ ತುಂಬಿದ ಗಡ್ಡೆ) ಆಗಲೇ ತೆಗೆದರು. ಸ್ವಲ್ಪ ಕಾಲ ಆರಾಮಾಗಿದ್ದೆ, ಆಮೇಲೆ ಮತ್ತೆ ಶುರು. ಮುಟ್ಟಿನ ನೋವು ಹೇಗೋ ಸಹಿಸ್ತೀನಿ. ಮುಟ್ಟಿಲ್ಲದ ದಿನಗಳಲ್ಲೂ ಕೆಳಹೊಟ್ಟೆ ಹಿಂಡೋದು, ಸೊಂಟದಿಂದ ತೊಡೆಯವರೆಗೆ ಸೆಳೆತ, ಟಾಯ್ಲೆಟ್‌ಗೆ ಕೂತಾಗ ಒಳಗೆ ಚುಚ್ಚಿದ ಹಾಗೆ ಆಗೋದು, ಇದು ನನ್ನನ್ನ ಹಣ್ಣು ಮಾಡಿಬಿಟ್ಟಿದೆ. ಡೈನೊಜೆಸ್ಟ್ ಅನ್ನೋ ಹಾರ್ಮೋನ್ ಮಾತ್ರೆ ಕೊಟ್ಟರು. ನೋವು ಇಳೀತು, ಆದರೆ ದಿನಾ ಚೂರು ಚೂರು ರಕ್ತ ಕಾಣಿಸೋದು, ಜೊತೆಗೆ ಕಾರಣ ಇಲ್ಲದೆ ಅಳು. ಬಿಟ್ಟೆ.

ಈಗ ನೋಡ್ತಿರೋ ಡಾಕ್ಟರು ಒಂದು ಟ್ರಯಲ್ ಬಗ್ಗೆ ಹೇಳಿದ್ದಾರೆ. ದಿನಕ್ಕೊಂದು ಮಾತ್ರೆ, ಅಂಡಾಶಯದ ಹಾರ್ಮೋನ್ ತಗ್ಗಿಸೋ ಜಿಎನ್‌ಆರ್‌ಎಚ್ ಆಂಟಗೊನಿಸ್ಟ್ ಅನ್ನೋ ವರ್ಗದ್ದು, 24 ವಾರ. ಅರ್ಧ ಜನಕ್ಕೆ ಔಷಧ, ಅರ್ಧ ಜನಕ್ಕೆ ಪ್ಲಾಸಿಬೊ. ಯಾರಿಗೆ ಯಾವುದು ಅಂತ ನನಗೂ ಗೊತ್ತಾಗಲ್ಲ, ಡಾಕ್ಟರಿಗೂ ಗೊತ್ತಾಗಲ್ಲ. ದಿನಾ ಫೋನಲ್ಲಿ ನೋವಿಗೆ ಅಂಕ ಹಾಕಬೇಕು. ಅವರು ಕೊಡೋ ನೋವಿನ ಮಾತ್ರೆ ಬಿಟ್ಟು ಬೇರೆ ತಗೋಬಾರದು. ಹಾರ್ಮೋನ್ ಇರೋ ಗರ್ಭನಿರೋಧಕ ಬೇಡ. ಮೂಳೆಯ ಸ್ಕ್ಯಾನ್ ಅಂತ ಬೇರೆ ಬರೆದಿದೆ. ಹೊಟ್ಟೆನೋವಿಗೆ ಮೂಳೆ ಯಾಕೆ?

ಒಪ್ಪಿಗೆ ಪತ್ರ ಓದಿದಷ್ಟೂ ತಲೆ ಕೆಡ್ತಿದೆ. ಪ್ಲಾಸಿಬೊ ಗುಂಪಿಗೆ ಬಿದ್ದರೆ ನನ್ನ ಗತಿ ಏನು? ಔಷಧ ಇರೋ ಕಾಯಿಲೆಗೆ ಖಾಲಿ ಮಾತ್ರೆ ಕೊಡೋದು ಸರಿನಾ? ಒಂದೆರಡು ವರ್ಷದಲ್ಲಿ ಮಗು ಬೇಕು ಅನ್ನೋ ಯೋಚನೆಯೂ ಇದೆ. ಅನುಭವ ಇದ್ದವರು ಹೇಳಿ.

ನೇರಮಾತು:

ಬೇಡ ಕಣಮ್ಮ. ಕಂಪನಿಯವರಿಗೆ ಬೇಕಾಗಿರೋದು ಪ್ರಯೋಗಕ್ಕೆ ಇಲಿ. ಹೆಂಗಸರ ಮೈಮೇಲೆ ಏನೇನು ಮಾಡಿದ್ದಾರೆ ಅನ್ನೋದು ಓದಿದರೆ ಆ ಕಡೆ ತಲೆ ಹಾಕಿ ಮಲಗಲ್ಲ. ಬೇರೆ ಡಾಕ್ಟರಿಗೆ ತೋರಿಸಿ.

ಕಡತದಕ್ಕ:

ಬೆಳ್ಳಕ್ಕಿ ಅವರೇ, ನಾನು ಸ್ತ್ರೀರೋಗಗಳ ಟ್ರಯಲ್‌ಗಳಲ್ಲಿ ಕೋಆರ್ಡಿನೇಟರ್ ಆಗಿದ್ದವಳು. ಒಪ್ಪಿಗೆ ಪತ್ರ ಓದಿ ತಿಳಿಸುವುದು, ಡೈರಿ ತುಂಬದವರಿಗೆ ಫೋನ್ ಮಾಡಿ ಪ್ರಾಣ ತಿನ್ನುವುದು, ವಾಪಸ್ ಬಂದ ಮಾತ್ರೆ ಪಟ್ಟಿಗಳನ್ನು ಎಣಿಸಿ ಬರೆದಿಡುವುದು, ಇದರಲ್ಲೇ ಕೂದಲು ನರೆತಿದೆ. ನಿಮ್ಮದು ಯಾವ ಟ್ರಯಲ್ ಎಂದು ಇಲ್ಲಿ ಬರೆಯಬೇಡಿ. ಹೆಸರಿಲ್ಲದೆಯೇ ಹೇಳಬಹುದಾದದ್ದು ಬೇಕಾದಷ್ಟಿದೆ.

ಮೊದಲು ನೇರಮಾತು ಅವರಿಗೆ. ಸಿಟ್ಟಿಗೆ ಕಾರಣ ಇಲ್ಲದಿಲ್ಲ. ಡಿಇಎಸ್ ಎಂಬ ಕೃತಕ ಈಸ್ಟ್ರೋಜನ್ (ಹೆಣ್ಣಿನ ಹಾರ್ಮೋನ್) ಇತ್ತು. ಗರ್ಭಪಾತ ತಡೆಯುತ್ತದೆ ಎಂದು 1940ರ ದಶಕದಿಂದ ಬಸುರಿಯರಿಗೆ ಕೊಡುತ್ತಿದ್ದರು. 1953ರಲ್ಲಿ ಶಿಕಾಗೊದ ಸಂಶೋಧಕರು ಸುಮಾರು 1,600 ಮಹಿಳೆಯರಲ್ಲಿ ಅರ್ಧದಷ್ಟು ಜನರಿಗೆ ಅದನ್ನು, ಉಳಿದವರಿಗೆ ಪ್ಲಾಸಿಬೊ ಕೊಟ್ಟು ನೋಡಿದರು. ಉಪಯೋಗವೇನೂ ಕಾಣಲಿಲ್ಲ. ನಮಗೆ ನುಂಗಿಸಿದ್ದು ಏನೆಂದು ಹೇಳಿರಲೇ ಇಲ್ಲ ಎಂದು ಆ ಹೆಂಗಸರು ಎಷ್ಟೋ ವರ್ಷದ ನಂತರ ಕೋರ್ಟಿಗೆ ಹೋದರು. ಇತ್ತ ವೈದ್ಯರು, ಫಲಿತಾಂಶ ಎದುರಿಗಿದ್ದರೂ ಚೀಟಿ ಬರೆಯುವುದನ್ನು ನಿಲ್ಲಿಸಲಿಲ್ಲ. 1971ರಲ್ಲಿ, ಡಿಇಎಸ್ ತಿಂದ ತಾಯಂದಿರ ಹೆಣ್ಣುಮಕ್ಕಳಲ್ಲಿ ಯೋನಿಯ ಅಪರೂಪದ ಕ್ಯಾನ್ಸರ್ ಕಂಡ ಮೇಲಷ್ಟೇ ಬಸುರಿಯರಿಗೆ ಕೊಡಬೇಡಿ ಎಂಬ ಎಚ್ಚರಿಕೆ ಬಂತು. ಒಪ್ಪಿಗೆ ಕೇಳದೆ ಪ್ರಯೋಗ ಮಾಡಿದ್ದು ಅನ್ಯಾಯ, ಎರಡು ಮಾತಿಲ್ಲ. ಆದರೆ ಪ್ಲಾಸಿಬೊ ಇಟ್ಟು ಹೋಲಿಸಿದ್ದು ಸರಿಯಾಗಿಯೇ ಇತ್ತು. ಅದು ಹೇಳಿದ್ದನ್ನು ಕೇಳಿದ್ದರೆ ಹದಿನೆಂಟು ವರ್ಷದ ಹಾನಿ ತಪ್ಪುತ್ತಿತ್ತು.

ಹೆಂಗಸರನ್ನು ದೂರವಿಟ್ಟರೆ ಕ್ಷೇಮ ಎನ್ನುವುದನ್ನೂ ಮಾಡಿ ನೋಡಿಯಾಗಿದೆ. ಗರ್ಭ ಧರಿಸುವ ವಯಸ್ಸಿನವರನ್ನು ಆರಂಭದ ಹಂತದ ಟ್ರಯಲ್‌ಗಳಿಂದ ಹೊರಗಿಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1977ರಲ್ಲಿ ಹೇಳಿತು, ಅದನ್ನು ಕೈಬಿಟ್ಟದ್ದು 1993ರಲ್ಲಿ. ಹೆಂಗಸರ ಮೈಯಲ್ಲಿ ಸರಿಯಾಗಿ ನೋಡದ ಔಷಧಗಳನ್ನು ಆಮೇಲೆ ಅಂಗಡಿಯಿಂದ ತಂದು ನುಂಗಿದವರು ಯಾರು? ಹೆಂಗಸರೇ.

ಈಗ ನಿಮ್ಮ ಪ್ರಶ್ನೆ. ಇದೇ ವರ್ಗದ ಎಲಗೊಲಿಕ್ಸ್ ಎಂಬ ಮಾತ್ರೆಯ ಎರಡು ದೊಡ್ಡ ಟ್ರಯಲ್‌ಗಳು 2017ರಲ್ಲಿ ಪ್ರಕಟವಾದವು, ಎರಡೂ ಸೇರಿ ಸುಮಾರು 1,700 ಮಹಿಳೆಯರು. ಮೂರು ತಿಂಗಳ ಹೊತ್ತಿಗೆ ಮುಟ್ಟಿನ ನೋವಿನಲ್ಲಿ ಹೇಳಿಕೊಳ್ಳುವಂಥ ಇಳಿಕೆ ಕಂಡವರು ಹೆಚ್ಚಿನ ಡೋಸಿನಲ್ಲಿ ಶೇ 76 ಮತ್ತು 72, ಕಡಿಮೆ ಡೋಸಿನಲ್ಲಿ ಶೇ 46 ಮತ್ತು 43, ಪ್ಲಾಸಿಬೊದಲ್ಲಿ ಶೇ 20 ಮತ್ತು 23. ಆದರೆ ನಿಮ್ಮನ್ನು ಹಣ್ಣು ಮಾಡಿರುವುದು ಮುಟ್ಟಿಲ್ಲದ ದಿನಗಳ ನೋವು ಅಲ್ಲವೇ? ಅದರ ಲೆಕ್ಕ ಬೇರೆ. ಅಲ್ಲಿ ಔಷಧದಿಂದ ಗುಣ ಕಂಡವರು ಶೇ 50ರಿಂದ 58, ಪ್ಲಾಸಿಬೊದಲ್ಲೂ ಶೇ 36ರಷ್ಟು ಮಂದಿ. ಅಂದರೆ ನಿಮ್ಮ ಬಗೆಯ ನೋವಿಗೆ ಔಷಧ ಸಿಕ್ಕರೆ ಆಗುವ ಲಾಭ ನೀವು ಅಂದುಕೊಂಡಷ್ಟು ದೊಡ್ಡದಲ್ಲ, ಪ್ಲಾಸಿಬೊ ಸಿಕ್ಕರೆ ಆಗುವ ನಷ್ಟವೂ ಅಂದುಕೊಂಡಷ್ಟಲ್ಲ. ನಿಮ್ಮ ಔಷಧ ಬೇರೆಯದಿರಬಹುದು, ಅಂಕಿ ಹಾಗೇ ಬರುತ್ತದೆ ಎನ್ನುತ್ತಿಲ್ಲ. ಈ ಎರಡು ನೋವುಗಳನ್ನು ಬೇರೆ ಬೇರೆಯಾಗಿ ಅಳೆಯುತ್ತಾರಾ, ಹಿಂದಿನ ಹಂತದ ಟ್ರಯಲ್‌ನಲ್ಲಿ ಎರಡನೆಯದು ಎಷ್ಟು ಇಳಿದಿತ್ತು ಎಂದು ಕೇಳಿ.

ಖಾಲಿ ಮಾತ್ರೆಯಲ್ಲಿ ಮೂರರಲ್ಲೊಬ್ಬರಿಗೆ ಹೇಗೆ ಗುಣ ಕಾಣುತ್ತದೆ ಎಂದರೆ, ಜ್ವರ ನೆತ್ತಿಗೇರಿದಾಗಲೇ ಡಾಕ್ಟರ ಬಳಿ ಓಡುವಂತೆ ಜನ ಟ್ರಯಲ್ ಸೇರುವುದೂ ನೋವು ತುತ್ತತುದಿಯಲ್ಲಿರುವಾಗ. ಅಲ್ಲಿಂದ ಅದು ತಾನಾಗಿಯೂ ಸ್ವಲ್ಪ ಇಳಿಯುತ್ತದೆ. ಜೊತೆಗೆ ನೋವಿನ ಮಾತ್ರೆ ಕೈಗೆ ಸಿಗುತ್ತದೆ, ತಿಂಗಳಿಗೊಮ್ಮೆ ಯಾರೋ ಕೂರಿಸಿಕೊಂಡು ಹೇಗಿದ್ದೀರಿ ಎಂದು ಪೂರ್ತಿ ಕೇಳುತ್ತಾರೆ. ಪ್ಲಾಸಿಬೊ ಇಲ್ಲದಿದ್ದರೆ ಇದೆಲ್ಲ ಔಷಧದ ಖಾತೆಗೆ ಜಮೆಯಾಗುತ್ತದೆ. ಗ್ಯಾಬಪೆಂಟಿನ್ ಎಂಬ ನರನೋವಿನ ಔಷಧದ ವಿಷಯದಲ್ಲಿ ಹೀಗೇ ಆಗಿತ್ತು. ಲ್ಯಾಪರೊಸ್ಕೋಪಿಯಲ್ಲಿ ಏನೂ ಕಾಣದ ಕೆಳಹೊಟ್ಟೆ ನೋವಿಗೆ ಅದನ್ನು ಧಾರಾಳವಾಗಿ ಬರೆಯುತ್ತಿದ್ದರು. ಬ್ರಿಟನ್ನಿನಲ್ಲಿ 306 ಮಹಿಳೆಯರ ಮೇಲೆ ಪ್ಲಾಸಿಬೊ ಜೊತೆ ಹೋಲಿಸಿದ ಟ್ರಯಲ್ 2020ರಲ್ಲಿ ಪ್ರಕಟವಾಯಿತು: ನೋವಿನಲ್ಲಿ ವ್ಯತ್ಯಾಸವಿಲ್ಲ, ತಲೆಸುತ್ತು ಮತ್ತು ಮಂಪರು ಮಾತ್ರ ಹೆಚ್ಚು.

ಇಷ್ಟು ವಕಾಲತ್ತು ಮಾಡಿದ ಮೇಲೆ ನನ್ನ ತಕರಾರನ್ನೂ ಹೇಳಿಬಿಡುತ್ತೇನೆ. ನೀವು ಕೇಳುವುದು "ನಾನು ಬಿಟ್ಟ ಡೈನೊಜೆಸ್ಟ್‌ಗಿಂತ ಇದು ಮೇಲೇ?" ಎಂದು. ಈ ಟ್ರಯಲ್ ಉತ್ತರ ಕೊಡುವುದು "ಏನೂ ಕೊಡದಿರುವುದಕ್ಕಿಂತ ಮೇಲೇ?" ಎಂಬುದಕ್ಕೆ. ಔಷಧಕ್ಕೆ ಪರವಾನಗಿ ಪಡೆಯಲು ಎರಡನೆಯದು ಸಾಕು, ಗೆಲ್ಲುವುದೂ ಸುಲಭ. ಮನುಷ್ಯರ ಮೇಲಿನ ವೈದ್ಯಕೀಯ ಸಂಶೋಧನೆಗೆ ನೀತಿ ಹೇಳುವ ಹೆಲ್ಸಿಂಕಿ ಘೋಷಣೆ ಪ್ರಕಾರ, ಚೆನ್ನಾಗಿ ಸಾಬೀತಾದ ಚಿಕಿತ್ಸೆ ಇದ್ದರೆ ಹೊಸದನ್ನು ಅದರ ಜೊತೆಗೇ ಹೋಲಿಸಬೇಕು. ಪ್ಲಾಸಿಬೊ ಬಳಸುವುದಾದರೆ ವೈಜ್ಞಾನಿಕವಾಗಿ ಬಲವಾದ ಕಾರಣ ಇರಬೇಕು, ಗಂಭೀರವಾದ ಅಥವಾ ಸರಿಪಡಿಸಲಾಗದ ಹಾನಿಯ ಹೆಚ್ಚುವರಿ ಅಪಾಯ ಇರಬಾರದು. ನೋವಿನ ಮಾತ್ರೆ ಇದೆ, ಯಾವಾಗ ಬೇಕಾದರೂ ಬಿಡಬಹುದು ಎಂಬ ಆಧಾರದ ಮೇಲೆ ನೈತಿಕ ಸಮಿತಿಗಳು ಇಂಥವಕ್ಕೆ ಒಪ್ಪುತ್ತವೆ. ಒಪ್ಪಲಿ. ಆದರೆ ಲೋಕದಲ್ಲಿ ಸುಮಾರು 19 ಕೋಟಿ ಹೆಂಗಸರಿಗಿರುವ ಕಾಯಿಲೆಯಿದು, ಇರುವ ಚಿಕಿತ್ಸೆಗಳನ್ನೇ ಪರಸ್ಪರ ಹೋಲಿಸುವ ಟ್ರಯಲ್‌ಗಳು ಇಷ್ಟು ಕಡಿಮೆ ಯಾಕೆ? 2024ರಲ್ಲಿ ಅಂಥದ್ದೊಂದು ಬಂತು, ಅದೂ ಬ್ರಿಟನ್ನಿನ ಸರ್ಕಾರಿ ಹಣದಲ್ಲಿ. ಆಪರೇಷನ್ ಆದ 405 ಮಹಿಳೆಯರಲ್ಲಿ ಕೆಲವರಿಗೆ ಸಾಮಾನ್ಯ ಗರ್ಭನಿರೋಧಕ ಮಾತ್ರೆ, ಉಳಿದವರಿಗೆ ಪ್ರೊಜೆಸ್ಟೋಜನ್ ಎಂಬ ಹಾರ್ಮೋನಿನ ಇಂಜೆಕ್ಷನ್ ಅಥವಾ ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನ. ಮೂರು ವರ್ಷದ ನಂತರ ನೋವು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಇಳಿದಿತ್ತು, ಮತ್ತೆ ಆಪರೇಷನ್ ಬೇಕಾದವರು ಪ್ರೊಜೆಸ್ಟೋಜನ್ ಗುಂಪಿನಲ್ಲಿ ಕಡಿಮೆ. ಡಾಕ್ಟರ ಮುಂದೆ ಕೂತು ನಿರ್ಧಾರ ಮಾಡುವಾಗ ಕೈಗೆ ಬರುವ ಉತ್ತರ ಅಂದರೆ ಅದು.

ಮೂಳೆ ಯಾಕೆಂದರೆ, ಈ ಮಾತ್ರೆ ಈಸ್ಟ್ರೋಜನ್ ಇಳಿಸುತ್ತದೆ. ಎಂಡೊಮೆಟ್ರಿಯೋಸಿಸ್ ಬೆಳೆಯುವುದು ಈಸ್ಟ್ರೋಜನ್ ಬಲದಿಂದ, ಮೂಳೆ ಗಟ್ಟಿಯಾಗಿರುವುದೂ ಅದರ ಬಲದಿಂದಲೇ. ಎಲಗೊಲಿಕ್ಸ್‌ನ ಹೆಚ್ಚಿನ ಡೋಸನ್ನು ಆರು ತಿಂಗಳಿಗಿಂತ ಹೆಚ್ಚು ಕೊಡಬಾರದು ಎಂದು ಎಫ್‌ಡಿಎ ಮಿತಿ ಹಾಕಿರುವುದು ಇದಕ್ಕೇ. ಆಮೇಲೆ ಬಂದ ರೆಲುಗೊಲಿಕ್ಸ್‌ನಲ್ಲಿ 40 ಮಿಲಿಗ್ರಾಂ ಔಷಧದ ಜೊತೆ 1 ಮಿಲಿಗ್ರಾಂ ಎಸ್ಟ್ರಾಡಿಯೋಲ್ (ಒಂದು ಬಗೆಯ ಈಸ್ಟ್ರೋಜನ್), 0.5 ಮಿಲಿಗ್ರಾಂ ನೊರೆಥಿಸ್ಟೆರೋನ್ (ಒಂದು ಬಗೆಯ ಪ್ರೊಜೆಸ್ಟೋಜನ್) ಸೇರಿಸಿದರು, ಮೂಳೆಗೆ ಬೇಕಾಗುವಷ್ಟು ಈಸ್ಟ್ರೋಜನ್ ಮೈಯಲ್ಲಿರಲಿ ಎಂದು. 2022ರಲ್ಲಿ ಪ್ರಕಟವಾದ ಅದರ ಟ್ರಯಲ್‌ಗಳಲ್ಲಿ ಮೂಳೆ ಸಾಂದ್ರತೆ 24 ವಾರದಲ್ಲಿ ಸರಾಸರಿ ಶೇ 1ಕ್ಕಿಂತ ಕಡಿಮೆ ಇಳಿಯಿತು. ಮೊದಲ 12 ವಾರ ಬರೀ ರೆಲುಗೊಲಿಕ್ಸ್ ತಗೊಂಡ ಗುಂಪಿನಲ್ಲಿ ಸುಮಾರು ಶೇ 2. ಆದ್ದರಿಂದ ನಿಮ್ಮ ಮಾತ್ರೆಯಲ್ಲಿ ಹೀಗೆ ಹಾರ್ಮೋನ್ ಸೇರಿಸಿದ್ದಾರಾ ಎಂಬುದನ್ನು ಬಿಡದೆ ಕೇಳಬೇಕು. ಕೊನೆಯ ಸ್ಕ್ಯಾನಿನಲ್ಲಿ ಇಳಿಕೆ ಕಂಡರೆ ಟ್ರಯಲ್ ಮುಗಿದ ಮೇಲೂ ಸ್ಕ್ಯಾನ್ ಮಾಡಿ ನೋಡುತ್ತಾರಾ ಎಂಬುದನ್ನೂ.

ಮಗುವಿನ ವಿಷಯ. ಒಂದು ವರ್ಷದೊಳಗೆ ಬೇಕು ಅನ್ನುವ ಹಾಗಿದ್ದರೆ ಸೇರಬೇಡಿ. ಈ ಮಾತ್ರೆಯಿಂದ ಮುಟ್ಟು ಕಡಿಮೆಯಾಗುತ್ತದೆ, ಕೆಲವರಿಗೆ ನಿಂತೇಹೋಗುತ್ತದೆ, ಹಾಗೆಂದು ಬಸುರಾಗುವುದಿಲ್ಲ ಎನ್ನುವಂತಿಲ್ಲ. ಬಸುರಾದರೂ ಬೇಗ ತಿಳಿಯುವುದಿಲ್ಲ. ಕಾಂಡೋಮ್ ಮುಂತಾದವುಗಳಿಗೆ ಪಟ್ಟುಹಿಡಿಯುವುದು, ಪ್ರತಿ ಭೇಟಿಯಲ್ಲೂ ಮೂತ್ರ ಪರೀಕ್ಷೆ ಮಾಡುವುದು ಅದಕ್ಕೇ. ಬೇಸರ ಮಾಡಿಕೊಳ್ಳಬೇಡಿ, ಹದಿನೆಂಟರವಳಿಗೂ ನಲವತ್ತೈದರವಳಿಗೂ ಅದೇ ನಿಯಮ.

ಹೆಚ್ಚಿನವರು ಓದದೆ ದಾಟಿಸುವ ಭಾಗವೊಂದಿದೆ: ಮಾತ್ರೆ ಶುರುವಾಗುವ ಮೊದಲಿನ ಅವಧಿ. ಹಾರ್ಮೋನ್ ತಗೊಳ್ಳುತ್ತಿರುವವರು ಅದನ್ನು ನಿಲ್ಲಿಸಿ ಮೈಯಿಂದ ಪೂರ್ತಿ ಹೋಗುವವರೆಗೆ ಕಾಯಬೇಕು, ಇಂಜೆಕ್ಷನ್ ತಗೊಂಡಿದ್ದರಂತೂ ತಿಂಗಳುಗಟ್ಟಲೆ. ಅದಾದ ಮೇಲೆ ಡೈರಿ ಮಾತ್ರ ಬರೆಯುವ ಕೆಲವು ವಾರ. ನನ್ನ ಕಣ್ಣೆದುರು ಜನ ಟ್ರಯಲ್ ಬಿಟ್ಟುಹೋದದ್ದು ಪ್ಲಾಸಿಬೊದಲ್ಲಿರುವಾಗ ಅಲ್ಲ, ಹೆಚ್ಚಾಗಿ ಈ ಕಾಯುವ ದಿನಗಳಲ್ಲಿ. ನೀವು ಡೈನೊಜೆಸ್ಟ್ ಆಗಲೇ ಬಿಟ್ಟಿರುವುದರಿಂದ ನಿಮಗೆ ಇದು ಅಷ್ಟು ಕಷ್ಟವಾಗಲಿಕ್ಕಿಲ್ಲ.

ಡೈರಿಯ ಬಗ್ಗೆ ಎರಡು ಮಾತು. ಗುಣ ಕಂಡಿದೆ ಎಂದು ಲೆಕ್ಕಕ್ಕೆ ಬರಬೇಕಾದರೆ ನೋವಿನ ಅಂಕ ಇಳಿದರೆ ಸಾಲದು, ನೋವಿನ ಮಾತ್ರೆ ನುಂಗುವುದೂ ಹೆಚ್ಚಾಗಿರಬಾರದು. ಆದ್ದರಿಂದ ನುಂಗಿದ ಪ್ರತಿ ಮಾತ್ರೆಯನ್ನೂ ಬರೆಯಿರಿ. ಇನ್ನು, ಸೇರಿಸಿಕೊಳ್ಳಲಿ ಎಂದು ಮೊದಲ ವಾರಗಳಲ್ಲಿ 5 ಇದ್ದದ್ದನ್ನು 8 ಎಂದು ಹಾಕಬೇಡಿ. ಹಾಗೆ ಮಾಡುವವರಿದ್ದಾರೆ, ಪಾಪ, ಅವರ ಸಂಕಟ ಅಂಥದ್ದು. ಸೇರಿದ ಮೇಲೆ ಅವರು ನಿಜವಾದ ಅಂಕ ಹಾಕಿದ ದಿನ ಖಾಲಿ ಮಾತ್ರೆಗೂ ಮಹಾಮಾತ್ರೆಯ ಪಟ್ಟ ಬರುತ್ತದೆ, ಒಳ್ಳೆಯ ಔಷಧವೊಂದು ಸೋಲಲೂಬಹುದು.

ಕಡಲಕ್ಕರೆ:

ಕಡತದಕ್ಕ ಹೇಳಿದ್ದು ಎಲ್ಲ ಸರಿ ಉಂಟು. ನಾನು ಇಂಥದ್ದೇ ಮಾತ್ರೆಯ ಟ್ರಯಲ್‌ನಲ್ಲಿ ಇದ್ದವಳು. ನನಗೆ ಔಷಧವೇ ಸಿಕ್ಕಿತ್ತು, ಅದು ಎಲ್ಲ ಮುಗಿದು ಕಾಗದ ಬಂದ ಮೇಲೆ ಗೊತ್ತಾದದ್ದು. ಆದರೆ ನಡುವಲ್ಲೇ ಅಂದಾಜು ಆಗ್ತದೆ ಮಾರಾಯ್ರೆ. ರಾತ್ರಿ ಕುತ್ತಿಗೆಯಿಂದ ಮೇಲೆ ಬೆಂಕಿ ಹತ್ತಿದ ಹಾಗೆ ಬಿಸಿ ಏರಿ ಬೆವರು, ಮುಟ್ಟು ಪತ್ತೆಯೇ ಇಲ್ಲ, ಇನ್ನು ಗುಟ್ಟು ಎಲ್ಲಿಂದ?

ನೋವು ಕಡಿಮೆ ಆಯ್ತು, ಸುಳ್ಳು ಹೇಳುವುದಿಲ್ಲ. ಮುಟ್ಟಿನದ್ದು ಹೆಚ್ಚುಕಡಿಮೆ ಪೂರ್ತಿ. ಸೊಂಟದ್ದು ಅರ್ಧ. ನನಗೆ ಹೇಳಬೇಕಾದದ್ದು ಮಾತ್ರೆ ನಿಂತ ಮೇಲಿನ ಕಥೆ. ಮುಟ್ಟು ವಾಪಸ್ ಬಂತು, ಅದರ ಹಿಂದೆಯೇ ನೋವು ಬಂತು. ಇದು ಕಾಯಿಲೆಯನ್ನು ಬುಡಸಮೇತ ತೆಗೆಯುವ ಔಷಧ ಅಲ್ಲ, ತಗೊಳ್ಳುವಷ್ಟು ದಿನ ಅಡಗಿಸಿ ಇಡ್ತದೆ ಅಷ್ಟೆ. ಪತ್ರದಲ್ಲಿ ಅದು ಬರೆದೇ ಇತ್ತು. ಆದರೆ ಅಷ್ಟು ತಿಂಗಳು ಮನುಷ್ಯಳ ಹಾಗೆ ಬದುಕಿ ಮತ್ತೆ ಹಾಟ್ ವಾಟರ್ ಬ್ಯಾಗ್ ಹಿಡಿದು ಮಲಗುವುದು ಉಂಟಲ್ಲ, ಅದಕ್ಕೆ ಮನಸ್ಸು ತಯಾರಿರಲಿಲ್ಲ. ಮುಗಿದ ಮರುದಿನದಿಂದ ನಿಮ್ಮ ಚಿಕಿತ್ಸೆ ಏನು ಅಂತ ಸೇರುವ ಮೊದಲೇ ನಿಮ್ಮ ಡಾಕ್ಟರ ಹತ್ತಿರ ಮಾತಾಡಿ ಇಡಿ.

ಮತ್ತೆ, ಡೈರಿಯಲ್ಲಿ ಗಂಡಹೆಂಡಿರ ಸಂಬಂಧದ ಹೊತ್ತಿನ ನೋವಿನ ಪ್ರಶ್ನೆಯೂ ಬರ್ತದೆ. ನೋವಿಗೆ ಹೆದರಿ ನಾವು ದೂರವೇ ಇದ್ದೆವು, ಹಾಗಾಗಿ ನೋವು ಇಲ್ಲ ಅಂತ ಬರೆಯಲಿಕ್ಕೆ ಹೊರಟಿದ್ದೆ. ಅಲ್ಲಿಯ ಹುಡುಗಿ ತಡೆದು, ಹೆದರಿ ಬಿಟ್ಟದ್ದಕ್ಕೆ ಬೇರೆಯೇ ಆಯ್ಕೆ ಉಂಟು ಅಂತ ತೋರಿಸಿದಳು. ನಾಚಿಕೆ ಬಿಟ್ಟು ಕೇಳಿ ಬರೆಯಿರಿ.

ಕಡತದಕ್ಕ:

ಕಡಲಕ್ಕರೆ ಅವರ ಕೊನೆಯ ಮಾತು ಬಹಳ ಮುಖ್ಯ. ಕೆಲವು ಮಾಪಕಗಳಲ್ಲಿ ನೋವಿನ ಭಯಕ್ಕೆ ದೂರ ಉಳಿಯುವುದೇ ಅತ್ಯಂತ ತೀವ್ರ ಎಂಬ ಅಂಕ. ಅದನ್ನು ಸೊನ್ನೆ ಎಂದು ಬರೆದರೆ ಹೆಚ್ಚು ನರಳುವವಳೇ ಲೆಕ್ಕದಲ್ಲಿ ಆರೋಗ್ಯವಂತೆ.

ಬಿಸಿ ಏರಿ ಗುಟ್ಟು ರಟ್ಟಾಗುವುದೂ ನಿಜ. ಈ ವರ್ಗದ ಎಲ್ಲ ಟ್ರಯಲ್‌ಗಳಿಗೂ ಅಂಟಿಕೊಂಡಿರುವ ದೌರ್ಬಲ್ಯ ಅದು, ಅಂಕಿಗಳನ್ನು ಓದುವಾಗ ಸ್ವಲ್ಪ ತಗ್ಗಿಸಿಯೇ ಓದಬೇಕು. ಆದರೆ ಊಹೆ ತಪ್ಪುವುದೂ ಉಂಟು. ತಲೆನೋವು ಬಂತು, ನನಗೆ ಔಷಧವೇ ಎಂದು ಖಚಿತವಾಗಿ ಹೇಳುತ್ತಿದ್ದವರ ಲಕೋಟೆ ಒಡೆದಾಗ ಪ್ಲಾಸಿಬೊ ಇದ್ದದ್ದನ್ನು ನೋಡಿದ್ದೇನೆ.

ಬೆಳ್ಳಕ್ಕಿ:

ಎಲ್ಲರಿಗೂ ಧನ್ಯವಾದ. ನೇರಮಾತು ಅವರಿಗೂ, ನಿಮ್ಮ ಸಿಟ್ಟು ನೋಡಿ ಧೈರ್ಯ ಬಂತು, ಪಟ್ಟಿ ಮಾಡ್ಕೊಂಡು ಹೋಗಿ ಕೇಳಿದೆ. ಅಲ್ಲಿಯ ಕೋಆರ್ಡಿನೇಟರ್ ಸಮಾಧಾನವಾಗಿ ಉತ್ತರ ಕೊಟ್ಟರು. ಮಾತ್ರೆಯಲ್ಲೇ ಎಸ್ಟ್ರಾಡಿಯೋಲ್ ಸೇರಿಸಿದ್ದಾರಂತೆ. ಎರಡೂ ಬಗೆಯ ನೋವು ಬೇರೆ ಬೇರೆ ಅಳೀತಾರೆ. 24 ವಾರ ಆದ ಮೇಲೆ ಪ್ಲಾಸಿಬೊದವರಿಗೂ ಬೇಕಾದರೆ ಔಷಧ ಕೊಡೋ ಮುಂದುವರಿದ ಭಾಗ ಇದೆ. ಮೂಳೆ ಇಳಿದಿದ್ದರೆ ಆಮೇಲೂ ಸ್ಕ್ಯಾನ್ ಮಾಡ್ತೀವಿ ಅಂತ ಬಾಯಲ್ಲಿ ಹೇಳಿದರು, ಪತ್ರದಲ್ಲಿ ಆ ಸಾಲು ಸಿಗಲಿಲ್ಲ. ಎಲ್ಲಿದೆ ತೋರಿಸಿ ಅಂದಿದ್ದೀನಿ. ಮಗುವಿನ ವಿಷಯ ಮನೆಯಲ್ಲಿ ಮಾತಾಡ್ತಿದ್ದೀವಿ. ಮುಂದಿನ ಭಾಗಕ್ಕೂ ಹೋದರೆ ಒಂದು ವರ್ಷ ಮೀರುತ್ತೆ, ಅದೇ ಈಗ ತೂಗಿ ನೋಡ್ತಿರೋದು. ಅಕ್ಕ, ಮೊದಲ 24 ವಾರ ಮಾತ್ರ ಸೇರಿ ಮುಂದಿನದ್ದು ಬೇಡ ಅನ್ನಬಹುದಾ?

ಕಡತದಕ್ಕ:

ಖಂಡಿತ ಅನ್ನಬಹುದು. ಮುಂದುವರಿದ ಭಾಗಕ್ಕೆ ಸಾಮಾನ್ಯವಾಗಿ ಬೇರೆಯೇ ಸಹಿ ಇರುತ್ತದೆ, ಆಗ ಬೇಡ ಎನ್ನಿ. ನಡುವೆ ಬಿಡುವುದಾದರೂ ಕಾರಣ ಕೊಡಬೇಕಾಗಿಲ್ಲ, ನಿಮ್ಮ ಮಾಮೂಲಿ ಚಿಕಿತ್ಸೆಗೆ ಅದರಿಂದ ಅಡ್ಡಿಯಾಗಬಾರದು. ಆದರೆ ಥಟ್ಟನೆ ಫೋನ್ ಎತ್ತದೆ ಕುಳಿತುಬಿಡಬೇಡಿ, ಕೊನೆಯ ಭೇಟಿಗೆ ಹೋಗಿ ಬನ್ನಿ. ರಕ್ತ ಮತ್ತು ಮೂಳೆಯ ಪರೀಕ್ಷೆ ಆಗುವುದು ಅಲ್ಲೇ.

ಸ್ಕ್ಯಾನಿನ ಸಾಲು ಲಿಖಿತದಲ್ಲಿ ಸಿಗುವವರೆಗೆ ಸಹಿ ಹಾಕಬೇಡಿ, ಚೆನ್ನಾಗಿ ಮಾಡಿದಿರಿ. ಟ್ರಯಲ್ ನೋಂದಣಿ ಸಂಖ್ಯೆ ಪತ್ರದ ಮೊದಲ ಪುಟಗಳಲ್ಲಿ ಇರುತ್ತದೆ, ಅದನ್ನು ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್‌ನಲ್ಲಿ ಅಥವಾ ಡಬ್ಲ್ಯುಎಚ್‌ಒ ನೋಂದಣಿ ಜಾಲದಲ್ಲಿ ಹಾಕಿದರೆ ಏನನ್ನು ಅಳೆಯುತ್ತೇವೆಂದು ಅವರು ಮೊದಲೇ ಘೋಷಿಸಿದ್ದಾರೆ ಎಂದು ಕಾಣುತ್ತದೆ. ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿ ಆವೃತ್ತಿ ಸಂಖ್ಯೆ, ದಿನಾಂಕ ಇರುತ್ತದೆ, ನಿಮಗೆ ಕೊಡುವ ಪ್ರತಿಯಲ್ಲೂ ಅದೇ ಇದೆಯಾ ನೋಡಿಕೊಳ್ಳಿ. ಟ್ರಯಲ್ ನಡೆಯುವಾಗ ಹೊಸ ಅಡ್ಡಪರಿಣಾಮ ಗೊತ್ತಾಗಿ ಪತ್ರ ಬದಲಾದರೆ ಮತ್ತೆ ಕರೆದು ಸಹಿ ಕೇಳುತ್ತಾರೆ. ಆಗ ಹಳೆಯದನ್ನು ಪಕ್ಕದಲ್ಲಿಟ್ಟುಕೊಂಡು ಯಾವ ಸಾಲು ಬದಲಾಗಿದೆ ಎಂದು ಬೆರಳಿಟ್ಟು ತೋರಿಸಲು ಹೇಳಿ.